ಉಳಿಯ ಓರೆಯೂ ಸಾಣೆಯ ಚಕ್ರವೂ

ದೇವರ ಮನೆಯಲ್ಲಿ ಗಂಧ ತೇಯುವ ಕಲ್ಲಿಗೂ ಬಡಗಿಯ ಜಗಲಿಯಲ್ಲಿ ಉಳಿ ಮಸೆಯುವ ಕಲ್ಲಿಗೂ ಕನ್ನಡದಲ್ಲಿ ಸಾಣೆಕಲ್ಲು ಎಂಬ ಒಂದೇ ಹೆಸರುಂಟು. ಸಂಸ್ಕೃತದ ಶಾಣ ಶಬ್ದವೇ ನಮ್ಮ ಬಾಯಲ್ಲಿ ಸಾಣೆಯಾಗಿದೆ. ಒಂದು ಕಲ್ಲಿನ ಮೇಲೆ ಕೊರಡು ಸವೆದು ಗಂಧವಾಗುತ್ತದೆ. ಇನ್ನೊಂದರ ಮೇಲೆ ಉಕ್ಕು ಸವೆದು ಹರಿತವಾಗುತ್ತದೆ. ಆದರೆ ಎರಡಕ್ಕೂ ಒಂದು ಭೇದವಿದೆ. ಗಂಧದ ಕೊರಡನ್ನು ಹೇಗೆ ಹಿಡಿದು ತೇದರೂ ಗಂಧ ಬಂದೇ ಬರುತ್ತದೆ. ಉಳಿಯನ್ನು ಮಾತ್ರ ಹೇಗೆಂದರೆ ಹಾಗೆ ಹಿಡಿದು ತೇದರೆ ಉಕ್ಕು ನಷ್ಟವಾದೀತೇ ಹೊರತು ಬಾಯಿ ಹುಟ್ಟದು. ಯಾವ ಓರೆಯಲ್ಲಿ ಹಿಡಿಯಬೇಕು, ಹಿಡಿದ ಓರೆ ತಪ್ಪದಂತೆ ಹೇಗೆ ಕಾಪಾಡಬೇಕು ಎಂಬುದೇ ಈ ಕೆಲಸದ ಜೀವಾಳ. ಅಲ್ಪವೆಂದು ತೋರುವ ಈ ಪ್ರಶ್ನೆಗೆ ಬಲು ದೀರ್ಘವಾದ ಚರಿತ್ರೆಯಿದೆ; ಆ ಚರಿತ್ರೆಯಲ್ಲಿ ಮನುಷ್ಯನ ಜಾಣ್ಮೆಯಿರುವಂತೆ ಅವನ ಪ್ರಾಣಹಾನಿಯೂ ಸೇರಿದೆ.

ಉಳಿಯ ಬಾಯಿಯೆಂದರೆ ಎರಡು ಮೈಗಳು ಕೂಡುವ ಗೆರೆ. ಒಂದು ಮೈ ಉಳಿಯ ಬೆನ್ನು. ಅದು ಕನ್ನಡಿಯಂತೆ ಚಪ್ಪಟೆಯಾಗಿರತಕ್ಕದ್ದು. ಮತ್ತೊಂದು, ಓರೆಯಾಗಿ ಸವೆಸಿದ ಮುಖ. ಇವೆರಡರ ನಡುವಣ ಕೋನ ಕಿರಿದಾದಷ್ಟೂ ಉಳಿ ಮರದೊಳಕ್ಕೆ ಸುಲಭವಾಗಿ ಇಳಿಯುತ್ತದೆ. ಆದರೆ ಬಾಯಿಯ ಹಿಂದೆ ಆಸರೆಯಾಗಿ ನಿಲ್ಲುವ ಉಕ್ಕು ತೆಳುವಾಗುವುದರಿಂದ ಅದು ಬೇಗನೆ ಚಕ್ಕೆಯೇಳುತ್ತದೆ. ಕೋನ ಹಿರಿದಾದರೆ ಬಾಯಿ ಗಟ್ಟಿಯಾಗುತ್ತದೆ. ಆದರೆ ಕೊಯ್ಯುವ ಗುಣ ಕುಂದಿ ಮರವನ್ನು ಜಜ್ಜುವ ಗುಣ ಹೆಚ್ಚುತ್ತದೆ. ಆದುದರಿಂದ ಸರಿಯಾದ ಕೋನವೆಂಬುದು ಹರಿತಕ್ಕೂ ಬಲಕ್ಕೂ ಮಾಡಿಸಿದ ಒಂದು ಸಂಧಾನವೇ ಸರಿ. ಕೊಡತಿಯ ಪೆಟ್ಟಿಲ್ಲದೆ ಕೈಯ ಒತ್ತಡದಿಂದಲೇ ನವಿರಾಗಿ ಹೆರೆಯುವ ಉಳಿಗೆ ೨೦ರಿಂದ ೨೫ ಡಿಗ್ರಿ ಸಾಕು. ಸಾಧಾರಣ ಕೆಲಸದ ಉಳಿಯನ್ನು ಚಕ್ರದ ಮೇಲೆ ೨೫ ಡಿಗ್ರಿಗೆ ಸವೆಸಿ, ಆಮೇಲೆ ಮಸೆಗಲ್ಲಿನ ಮೇಲೆ ಬಾಯಂಚನ್ನು ಮಾತ್ರ ೩೦ ಡಿಗ್ರಿಗೆ ತರುವುದು ವಾಡಿಕೆ. ಗಟ್ಟಿಮರದಲ್ಲಿ ಜೋಡಣೆಯ ಕುಳಿ ತೋಡುತ್ತ ಕೊಡತಿಯ ಏಟನ್ನು ತಿನ್ನುವ ಉಳಿಗೆ ೩೦ರಿಂದ ೩೫ ಡಿಗ್ರಿ ಬೇಕು.

ಕೋನಮಾಪಕವಿಲ್ಲದವನಿಗೂ ಈ ಲೆಕ್ಕ ಎಟುಕದ್ದಲ್ಲ. ಓರೆಮುಖದ ಉದ್ದವು ಉಳಿಯ ದಪ್ಪದ ಎರಡರಷ್ಟಿದ್ದರೆ ಕೋನ ೩೦ ಡಿಗ್ರಿ. ಎರಡೂ ಕಾಲಿಗಿಂತ ತುಸು ಹೆಚ್ಚಾಗಿದ್ದರೆ ೨೫ ಡಿಗ್ರಿ. ತ್ರಿಕೋನಮಿತಿಯ ಹೆಸರನ್ನು ಕೇಳದ ಕುಶಲಿಯೂ ಒಂದು ಕಡ್ಡಿಯಿಂದ ದಪ್ಪವನ್ನು ಅಳೆದು, ಅದನ್ನೇ ಓರೆಯ ಮೇಲಿಟ್ಟು ನೋಡಿ ಇದನ್ನು ತಿಳಿಯಬಲ್ಲನು.

ಆದರೆ ಕೋನವನ್ನು ತಿಳಿಯುವುದು ಬೇರೆ, ಹಿಡಿಯುವುದು ಬೇರೆ. ಬಹು ಕಾಲದವರೆಗೆ ಕಲ್ಲು ನೆಲದ ಮೇಲೆ ನಿಶ್ಚಲವಾಗಿದ್ದು ಉಳಿ ಅದರ ಮೇಲೆ ಚಲಿಸುತ್ತಿತ್ತು. ಈ ಕ್ರಮದಲ್ಲಿ ಕೋನದ ಕಾವಲು ಪೂರ್ಣವಾಗಿ ಮಣಿಕಟ್ಟಿನದು. ತೋಳು ಮುಂದಕ್ಕೆ ಹೋದಾಗ ಉಳಿಯ ಹಿಡಿ ಕೆಳಗಿಳಿಯುವುದು, ಹಿಂದಕ್ಕೆ ಬಂದಾಗ ಮೇಲೇರುವುದು ಸಹಜ. ಹೀಗೆ ತೂಗಾಡಿದರೆ ಓರೆಮುಖ ದುಂಡಗಾಗಿ ಬಾಯಿ ಮೊಂಡಾಗುತ್ತದೆ. ಇದನ್ನು ಗೆಲ್ಲಲು ವರ್ಷಗಟ್ಟಲೆ ಅಭ್ಯಾಸ ಬೇಕಾಗಿತ್ತು. ಇದಕ್ಕೆ ಪರಿಹಾರವಾಗಿ ಬಂದ ಕಲ್ಪನೆಯೆಂದರೆ, ಉಳಿಯನ್ನು ನಿಲ್ಲಿಸಿ ಕಲ್ಲನ್ನೇ ಚಲಿಸಗೊಡುವುದು.

ಯೂರೋಪಿನಲ್ಲಿ ತಿರುಗುವ ಸಾಣೆಯ ಅತಿ ಪುರಾತನವಾದ ಚಿತ್ರಗಳಲ್ಲೊಂದು ಯುಟ್ರೆಕ್ಟ್ ಕೀರ್ತನಸಂಪುಟವೆಂಬ ಹಸ್ತಪ್ರತಿಯಲ್ಲಿ ದೊರೆಯುತ್ತದೆ. ಕ್ರಿ. ಶ. ೯ನೆಯ ಶತಮಾನದ ಪೂರ್ವಾರ್ಧದಲ್ಲಿ ಫ್ರಾನ್ಸಿನ ರ‍್ಯಾನ್ಸ್ ನಗರದ ಸುತ್ತಿನಲ್ಲಿ ಸಿದ್ಧವಾದ ಈ ಪ್ರತಿ ಈಗ ಹಾಲೆಂಡಿನ ಯುಟ್ರೆಕ್ಟ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿದೆ. ಅದರ ಒಂದು ಚಿತ್ರದಲ್ಲಿ ಧರ್ಮಿಷ್ಠರ ದಂಡೂ ಅಧರ್ಮಿಗಳ ದಂಡೂ ಎದುರುಬದುರಾಗಿ ನಿಂತಿವೆ. ಎರಡು ಪಾಳೆಯಗಳಲ್ಲಿಯೂ ಕತ್ತಿ ಮಸೆಯುವ ಕೆಲಸ ನಡೆದಿದೆ. ಅಧರ್ಮಿಗಳು ಹಳೆಯ ಮಸೆಗಲ್ಲನ್ನೇ ಹಿಡಿದಿದ್ದಾರೆ. ಧರ್ಮಿಷ್ಠರ ಕಡೆ ಒಬ್ಬನು ಹಿಡಿಯಿಂದ ಚಕ್ರವನ್ನು ತಿರುಗಿಸುತ್ತಿರಲು ಇನ್ನೊಬ್ಬನು ಕತ್ತಿಯನ್ನು ಆನಿಸಿ ಹಿಡಿದಿದ್ದಾನೆ. ಹೊಸ ಯಂತ್ರ ಧರ್ಮದ ಪಕ್ಷದಲ್ಲಿರುವುದೆಂದು ಆ ಚಿತ್ರಕಾರನು ಭಾವಿಸಿದ್ದಿರಬೇಕು. ಆ ಭಾವನೆಗೆ ಸಾವಿರ ವರ್ಷಗಳ ಮೇಲೆ ಇಂಗ್ಲೆಂಡಿನ ಒಂದು ನಗರದಲ್ಲಿ ಕಠಿನವಾದ ಪರೀಕ್ಷೆ ಕಾದಿತ್ತು.

ಭರತಖಂಡದಲ್ಲಿ ಸಾಣೆಯ ವಿದ್ಯೆ ಬೇರೊಂದು ದಾರಿಯನ್ನು ಹಿಡಿಯಿತು. ಇಲ್ಲಿಯ ಕುಶಲಿಗಳು ಕುರುವಿಂದದ ಕಲ್ಲನ್ನು ಕುಟ್ಟಿ ಪುಡಿಮಾಡಿ, ಕರಗಿಸಿದ ಅರಗಿನೊಡನೆ ಬೆರೆಸಿ ಚಕ್ರವನ್ನು ಎರಕ ಮಾಡಿಕೊಳ್ಳುತ್ತಿದ್ದರು. ಕುರುವಿಂದವು ಕಾಠಿನ್ಯದಲ್ಲಿ ವಜ್ರಕ್ಕೆ ಮಾತ್ರ ಸೋಲುವ ಖನಿಜಗಳ ಸಾಲಿನದು. ಕೆಂಪು, ನೀಲಗಳು ಅದರ ಜಾತಿಯವೇ. ಮೈಸೂರು ಸೀಮೆಯ ನೆಲದಲ್ಲಿಯೂ ಅದು ದೊರೆಯುತ್ತಿತ್ತು. ರತ್ನಗಳನ್ನು ಸಾಣೆ ಹಿಡಿಯುವವರಿಗೂ, ಬೀದಿಬೀದಿ ತಿರುಗಿ ಚೂರಿ ಕತ್ತರಿಗಳಿಗೆ ಹರಿತ ಕೊಡುವವರಿಗೂ ಈ ಅರಗಿನ ಚಕ್ರವೇ ಆಧಾರವಾಗಿತ್ತು. ಪ್ರಕೃತಿ ಕೊಟ್ಟ ಕಲ್ಲನ್ನು ಇದ್ದಂತೆಯೇ ಉಪಯೋಗಿಸದೆ, ಕಾಳನ್ನು ಬೇರೆ, ಅಂಟನ್ನು ಬೇರೆ ಆರಿಸಿ ಚಕ್ರವನ್ನು ಕಟ್ಟುವ ಈ ತತ್ವವೇ ಇಂದಿನ ಕಾರ್ಖಾನೆಯ ಸಾಣೆಚಕ್ರಗಳ ತತ್ವವೂ ಆಗಿದೆ.

ಉಕ್ಕಿನ ವಿಷಯದಲ್ಲಿಯೂ ಕನ್ನಡ ನಾಡಿಗೆ ಈ ಚರಿತ್ರೆಯೊಡನೆ ನೇರವಾದ ನಂಟಿದೆ. ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಕಬ್ಬಿಣವನ್ನು ಮೂಸೆಗಳಲ್ಲಿಟ್ಟು ಉಕ್ಕು ಮಾಡುವ ಕ್ರಮವನ್ನು ನೋಡಿ ಬರೆದಿಟ್ಟನು. ಅವನ ಪ್ರವಾಸದ ಗ್ರಂಥ ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದಕ್ಕೆ ಮೊದಲೇ, ೧೭೯೫ರಲ್ಲಿ, ಜಾರ್ಜ್ ಪಿಯರ್ಸನ್ನನು ಈ ಭಾರತೀಯ ಉಕ್ಕನ್ನು ಕುರಿತ ಲೇಖನವನ್ನು ರಾಯಲ್ ಸೊಸೈಟಿಯ ಮುಂದಿಟ್ಟಿದ್ದನು. ಆಂಗ್ಲರು ಅದನ್ನು ವುಟ್ಸ್ ಎಂದು ಕರೆದರು. ಆ ಶಬ್ದಕ್ಕೆ ಮೂಲ ಕನ್ನಡದ ಉಕ್ಕು ಎಂಬುದೇ ಎಂದು ಅನೇಕ ವಿದ್ವಾಂಸರ ಮತ. ಲಂಡನ್ನಿನ ಜೇಮ್ಸ್ ಸ್ಟೋಡರ್ಟ್ ಎಂಬ ಆಯುಧಕಾರನು ಅದರಿಂದ ಅತಿ ನವಿರಾದ ಬಾಯುಳ್ಳ ಉಪಕರಣಗಳನ್ನು ಮಾಡಿ, ಮುಂದೆ ಮೈಕೆಲ್ ಫ್ಯಾರಡೆಯೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಶೋಧನೆಗಳನ್ನು ೧೮೨೦ ಮತ್ತು ೧೮೨೨ರಲ್ಲಿ ಪ್ರಕಟಿಸಿದನು. ಉಕ್ಕು ಉತ್ತಮವಾದಷ್ಟೂ ಕಿರಿದಾದ ಕೋನವನ್ನು ತಾಳಬಲ್ಲುದು. ಉಳಿಯ ಓರೆಯನ್ನು ನಿರ್ಣಯಿಸುವಾಗ ಮರದೊಡನೆ ಉಕ್ಕನ್ನೂ ವಿಚಾರಿಸಬೇಕಾಗುವುದು ಇದಕ್ಕಾಗಿಯೇ.

ಬಡಗಿಯ ಕೋನವನ್ನು ಅಂಕೆಯಲ್ಲಿ ಬರೆದಿಟ್ಟ ಹಳಬರಲ್ಲಿ ಜೋಸೆಫ್ ಮಾಕ್ಸನ್ ಗಣ್ಯನು. ಲಂಡನ್ನಿನಲ್ಲಿ ಮುದ್ರಕನೂ ಭೂಗೋಲಗಳ ತಯಾರಕನೂ ಆಗಿದ್ದ ಇವನು ೧೬೭೮ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದನು. ಆ ಕಾಲದಲ್ಲಿಯೇ ಕಮ್ಮಾರ, ಬಡಗಿ ಮೊದಲಾದವರ ಕಸಬುಗಳನ್ನು ವಿವರಿಸುವ ಗ್ರಂಥವನ್ನು ಭಾಗಭಾಗವಾಗಿ ಹೊರತರತೊಡಗಿದನು. ಕೀಸುಳಿಯ ಅಲಗಿಗೆ ಮೆತುಮರವಾದರೆ ೧೨ ಡಿಗ್ರಿ, ಗಟ್ಟಿಮರವಾದರೆ ೧೮ ಡಿಗ್ರಿ ಎಂದು ಅವನು ಹೇಳುತ್ತಾನೆ. ಇಂದಿನ ಕೆಲಸಗಾರರಿಗೆ ಈ ಅಂಕೆಗಳು ಅತಿ ಕಿರಿದಾಗಿ ತೋರುತ್ತವೆ. ಆದರೆ ಅಂಕೆಗಳಿಗಿಂತ ಮುಖ್ಯವಾದದ್ದು ಅವನು ತೋರಿಸಿದ ಭೇದ: ಮರ ಬದಲಾದರೆ ಓರೆಯೂ ಬದಲಾಗಬೇಕು. ಗುರುಮುಖದಿಂದ ಶಿಷ್ಯನ ಕೈಗೆ ಮಾತ್ರ ಇಳಿದು ಬರುತ್ತಿದ್ದ ವಿದ್ಯೆ ಹೀಗೆ ಮೊದಲ ಬಾರಿಗೆ ಓದುಬಲ್ಲ ಯಾರಿಗಾದರೂ ದೊರೆಯುವಂತಾಯಿತು.

ಯಂತ್ರದ ಸಾಣೆಗೆ ರಾಜಧಾನಿಯಾದದ್ದು ಇಂಗ್ಲೆಂಡಿನ ಷೆಫೀಲ್ಡ್ ನಗರ. ಡಾನ್, ಷೀಫ್, ಪೋರ್ಟರ್, ರಿವೆಲಿನ್, ಲಾಕ್ಸ್‌ಲಿ ಎಂಬ ಐದು ಹೊಳೆಗಳು ಗುಡ್ಡಗಳಿಂದ ಅಲ್ಲಿಗೆ ಇಳಿದು ಬರುತ್ತವೆ. ಅವುಗಳ ದಡದುದ್ದಕ್ಕೂ ನೀರಿನ ಚಕ್ರಗಳು ಸಾಣೆಯ ಚಕ್ರಗಳನ್ನು ತಿರುಗಿಸುತ್ತಿದ್ದುವು. ೧೮ನೆಯ ಶತಮಾನದ ಮಧ್ಯದಲ್ಲಿ ಬೆಂಜಮಿನ್ ಹಂಟ್ಸ್‌ಮನ್ನನು ಮೂಸೆಯಲ್ಲಿ ಉಕ್ಕನ್ನು ಕರಗಿಸಿ ಎರೆಯುವ ಕ್ರಮವನ್ನು ಆ ಪ್ರಾಂತದಲ್ಲಿ ಸ್ಥಾಪಿಸಿದ ಮೇಲೆ ಷೆಫೀಲ್ಡಿನ ಉಳಿ, ಚೂರಿ, ಗರಗಸಗಳು ಲೋಕವನ್ನೆಲ್ಲ ತುಂಬಿದುವು. ಆ ಶತಮಾನದ ಕೊನೆಗೆ ಉಗಿಯಂತ್ರವೂ ಬಂದಿತು. ಹೊಳೆಯ ದಡದ ತೆರೆದ ಗಾಳಿಯಲ್ಲಿ, ನೀರಿದ್ದ ದಿನ ಮಾತ್ರ ನಡೆಯುತ್ತಿದ್ದ ಕೆಲಸ ಊರೊಳಗಿನ ಇಕ್ಕಟ್ಟಾದ ಕೋಣೆಗಳಲ್ಲಿ ವರ್ಷವೆಲ್ಲ ನಡೆಯತೊಡಗಿತು.

ಆ ಸಾಣೆಯವನು ಚಕ್ರದ ಹಿಂದೆ ಮರದ ಕುದುರೆಯಂಥ ಪೀಠದ ಮೇಲೆ ಕಾಲು ಕವಲಾಗಿಸಿ ಕುಳಿತು, ಮುಂದಕ್ಕೆ ಬಾಗಿ, ಮೈಯ ಭಾರವನ್ನೆಲ್ಲ ತೋಳಿನ ಮೂಲಕ ಉಕ್ಕಿನ ಮೇಲೆ ಹಾಕುತ್ತಿದ್ದನು. ಅವನ ಮುಖ ಕಲ್ಲಿಗೆ ಅತಿ ಸಮೀಪದಲ್ಲಿರುತ್ತಿತ್ತು. ಕೋನವನ್ನು ನೋಡಿ ತಿಳಿಯಬೇಕಾದರೆ ಹಾಗಿರದೆ ಗತ್ಯಂತರವಿರಲಿಲ್ಲ. ಆದರೆ ಆ ಕಲ್ಲು ಮರಳುಗಲ್ಲು. ಅದು ಸವೆದಂತೆಲ್ಲ ಕಣ್ಣಿಗೆ ಕಾಣದಷ್ಟು ನುಣುಪಾದ ಸಿಲಿಕಾ ಧೂಳು ಎದ್ದು ಶ್ವಾಸಕೋಶದಲ್ಲಿ ಮನೆಮಾಡುತ್ತಿತ್ತು. ಉಳಿಯಂಥ ಉಪಕರಣಗಳನ್ನು ನೀರು ಹಾಯಿಸಿದ ಕಲ್ಲಿನ ಮೇಲೆ ಸವೆಸುತ್ತಿದ್ದುದರಿಂದ ಆ ಕೆಲಸದವರಿಗೆ ಧೂಳು ಕಡಿಮೆ. ಆದರೆ ಸೊಟ್ಟಾದ ಕಲ್ಲನ್ನು ಒಣಗಿದಂತೆಯೇ ಕೆತ್ತಿ ಮತ್ತೆ ದುಂಡಗೆ ಮಾಡುವಾಗ ಅವರೂ ಅದನ್ನು ಕುಡಿಯಲೇಬೇಕಾಗುತ್ತಿತ್ತು. ವೇಗವಾಗಿ ತಿರುಗುವ ಕಲ್ಲು ಸಿಡಿದು ಸತ್ತವರೂ ಉಂಟು. ಫೋರ್ಕುಗಳನ್ನು ಒಣಸಾಣೆ ಹಿಡಿಯುವವರ ಗತಿ ಎಲ್ಲರಿಗಿಂತ ಹೀನವಾಗಿತ್ತು.

ಷೆಫೀಲ್ಡಿನ ವೈದ್ಯನಾದ ಡಾಕ್ಟರ್ ನೈಟ್ ಈ ರೋಗವನ್ನು ಕುರಿತು ೧೯ನೆಯ ಶತಮಾನದ ಮೊದಲ ದಶಕಗಳಲ್ಲಿ ಬರೆದನು. ಅವನ ಲೆಕ್ಕದಂತೆ ಊರಿನಲ್ಲಿ ಸುಮಾರು ೨೫೦೦ ಮಂದಿ ಸಾಣೆಯವರಿದ್ದರು. ಅವರಲ್ಲಿ ಫೋರ್ಕಿನ ಕೆಲಸದವರು ೧೫೦ ಮಂದಿ, ಅಂದರೆ ೮೦ ಗಂಡಸರು ಮತ್ತು ೭೦ ಹುಡುಗರು. ಇವರು ೨೮ರಿಂದ ೩೨ ವರ್ಷಗಳೊಳಗೆ ಸಾಯುತ್ತಿದ್ದರು. ಒಣಗಲ್ಲನ್ನೂ ನೀರುಗಲ್ಲನ್ನೂ ಬಳಸುವ ಕ್ಷೌರದ ಕತ್ತಿಯವರು ೪೦ರಿಂದ ೪೫ರೊಳಗೆ, ನೀರುಗಲ್ಲನ್ನೇ ಬಳಸುವ ಊಟದ ಚೂರಿಯವರು ೪೦ರಿಂದ ೫೦ರೊಳಗೆ ಮಡಿಯುತ್ತಿದ್ದರು. ಅವರಲ್ಲಿ ಅತಿಯಾಗಿ ಕುಡಿಯುವವರೇ ಹೆಚ್ಚು ಕಾಲ ಬದುಕುತ್ತಿದ್ದರೆಂದೂ, ಕುಡಿದು ಕೆಲಸಕ್ಕೆ ಬಾರದ ದಿನಗಳೇ ಅವರ ಆಯುಸ್ಸನ್ನು ಬೆಳೆಸುತ್ತಿದ್ದುವೆಂದೂ ಅವನು ಹೇಳಿದ ಮಾತು ಓದಿದವರ ಮನಸ್ಸನ್ನು ಕಲಕದಿರದು.

ಪರಿಹಾರಗಳನ್ನು ಹುಡುಕಿದವರು ಇಲ್ಲದಿರಲಿಲ್ಲ. ೧೮೨೦ರ ದಶಕದ ಆದಿಯಲ್ಲಿ ಷೆಫೀಲ್ಡಿನವನೇ ಆದ ಅಬ್ರಹಾಂ ಎಂಬವನು ಉಕ್ಕಿನ ಧೂಳನ್ನು ಸೆಳೆದುಕೊಳ್ಳುವ ಅಯಸ್ಕಾಂತದ ಸಾಧನವನ್ನು ಕಲ್ಪಿಸಿದನು. ಉಪಾಯ ಚಮತ್ಕಾರವಾಗಿತ್ತು, ಆದರೆ ಅಯಸ್ಕಾಂತವು ಉಕ್ಕನ್ನು ಸೆಳೆದೀತೇ ಹೊರತು ಕಲ್ಲಿನ ಧೂಳನ್ನು ಸೆಳೆಯದು. ಕೊಲ್ಲುತ್ತಿದ್ದುದು ಮುಖ್ಯವಾಗಿ ಕಲ್ಲೇ. ಗಾಳಿಯ ಎಳೆತದಿಂದ ಧೂಳನ್ನು ಹೊರಕ್ಕೆ ಸಾಗಿಸುವ ಕೊಳವೆಗಳು ಇದಕ್ಕಿಂತ ಫಲಕಾರಿಯಾಗಿದ್ದುವು. ಆದಾಗ್ಯೂ ಸಾಣೆಯವರಲ್ಲಿ ಕೆಲವರು ಅವನ್ನು ಬೇಡವೆಂದರು; ಅಲ್ಲಲ್ಲಿ ಒಡೆದೂ ಹಾಕಿದರು. ಕೆಲಸ ನಿರಪಾಯವಾದರೆ ಅದಕ್ಕೆ ಬರುವವರು ಹೆಚ್ಚಿ, ಕೂಲಿ ಇಳಿಯುವುದೆಂಬ ಭಯ ಅವರಿಗೆ. ಫ್ರೆಡರಿಕ್ ಎಂಗೆಲ್ಸನು ೧೮೪೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಂಗತಿಯನ್ನು ದಾಖಲಿಸಿದ್ದಾನೆ. ಇದನ್ನು ಮೂಢತನವೆಂದು ತಳ್ಳಿಬಿಡುವುದು ಸುಲಭ. ಆದರೆ ಆಯುಸ್ಸಿಗೂ ಅನ್ನಕ್ಕೂ ನಡುವೆ ಒಂದನ್ನು ಆರಿಸಿಕೊಳ್ಳೆಂದು ಮನುಷ್ಯನನ್ನು ನಿಲ್ಲಿಸಿದ ವ್ಯವಸ್ಥೆಯ ದೋಷವು ಆ ಮನುಷ್ಯನ ದೋಷಕ್ಕಿಂತ ಹಿರಿದೆಂಬುದನ್ನು ಮರೆಯಲಾಗದು. ಚೂರಿ ಮತ್ತು ಹರಿತದ ಉಪಕರಣಗಳ ಸಾಣೆಗೆ ಬ್ರಿಟಿಷ್ ಸರಕಾರವು ಪ್ರತ್ಯೇಕವಾದ ನಿಯಮಗಳನ್ನು ವಿಧಿಸಿದ್ದು ೧೯೨೫ರಲ್ಲಿ. ಅಷ್ಟರಲ್ಲಿ ನೈಟನ ಲೆಕ್ಕಕ್ಕೆ ಸಿಕ್ಕಿದ ಆ ೭೦ ಹುಡುಗರ ತಲೆಮಾರು ಹೋಗಿ ಮತ್ತೆಷ್ಟೋ ತಲೆಮಾರುಗಳು ಸಂದಿದ್ದುವು.

ಮರಳುಗಲ್ಲನ್ನು ಕೊನೆಗೆ ಪದಚ್ಯುತಗೊಳಿಸಿದ್ದು ಅಮೆರಿಕೆಯಲ್ಲಿ ಹುಟ್ಟಿದ ಕೃತಕ ಚಕ್ರ. ಮ್ಯಾಸಚೂಸೆಟ್ಸ್ ಸಂಸ್ಥಾನದ ವುಸ್ಟರ್ ಪಟ್ಟಣದಲ್ಲಿ ನಾರ್ಟನ್ ಎಂಬ ಕುಂಬಾರನ ಕಾರ್ಖಾನೆಯಲ್ಲಿ ಕುರುವಿಂದದ ಒಡಹುಟ್ಟಾದ ಎಮೆರಿ ಕಲ್ಲಿನ ಪುಡಿಯನ್ನು ಜೇಡಿಮಣ್ಣಿನೊಡನೆ ಕಲಸಿ ಆವಿಗೆಯಲ್ಲಿ ಸುಟ್ಟು ಚಕ್ರ ಮಾಡುವ ಕ್ರಮ ರೂಢವಾಯಿತು. ೧೮೮೫ರಲ್ಲಿ ಅದಕ್ಕಾಗಿಯೇ ಒಂದು ಕಂಪನಿ ಸ್ಥಾಪಿತವಾಯಿತು. ೧೮೯೧ರಲ್ಲಿ ಎಡ್ವರ್ಡ್ ಅಚೆಸನ್ನನು ಜೇಡಿಮಣ್ಣನ್ನೂ ಕಲ್ಲಿದ್ದಲ ಕೋಕನ್ನೂ ಬೆರೆಸಿ ವಿದ್ಯುತ್ತನ್ನು ಹಾಯಿಸಿದಾಗ ಅತಿ ಕಠಿನವಾದ ಹೊಳೆಯುವ ಹರಳುಗಳು ದೊರೆತುವು. ಅವು ಕಾರ್ಬನ್ನೂ ಕೊರಂಡಮ್ಮೂ ಕೂಡಿ ಆದವೆಂದು ತಪ್ಪಾಗಿ ಭಾವಿಸಿ ಅವನು ಕಾರ್ಬೊರಂಡಮ್ ಎಂದು ಹೆಸರಿಟ್ಟನು. ವಾಸ್ತವವಾಗಿ ಅದು ಸಿಲಿಕಾನ್ ಕಾರ್ಬೈಡ್. ಕೊರಂಡಮ್ ಎಂಬುದು ನಮ್ಮ ಕುರುವಿಂದದ ಬಳಗದ ಮಾತೇ. ಹೀಗೆ ಅಮೆರಿಕೆಯ ಆ ಚಕ್ರವು ಭಾರತದ ಸಾಣೆಯವನ ಕಲ್ಲಿನ ಹೆಸರನ್ನು ತನಗರಿಯದೆಯೇ ಹೊತ್ತು ತಿರುಗಿತು. ಆ ಶತಮಾನದ ಕೊನೆಗೆ ವಿದ್ಯುತ್ಕುಲುಮೆಯಲ್ಲಿ ಕೃತಕ ಕುರುವಿಂದವೂ ಸಿದ್ಧವಾಯಿತು. ಉಕ್ಕಿನ ಉಳಿಗೆ ಇಂದು ಹೆಚ್ಚಾಗಿ ಬಳಸುವುದು ಇದರ ಚಕ್ರವನ್ನೇ.

ವಿದ್ಯುತ್ತಿನ ಮೋಟಾರು ಚಿಕ್ಕದಾಗುತ್ತ ಬಂದಂತೆ ಈ ಚಕ್ರವು ಬಡಗಿಯ ಮೇಜನ್ನೇರಿತು. ಮರಳುಗಲ್ಲಿನ ಧೂಳು ತಪ್ಪಿತು. ಆದರೆ ಎರಡು ಹೊಸ ತೊಡಕುಗಳು ಹುಟ್ಟಿದುವು. ಒಂದು ಚಕ್ರದ ಕಿರಿದುತನ, ಇನ್ನೊಂದು ಅದರ ವೇಗ.

ಮೊದಲನೆಯದು ನೇರವಾಗಿ ಕೋನಕ್ಕೆ ಸಂಬಂಧಿಸಿದ್ದು. ದುಂಡಾದ ಚಕ್ರವು ಓರೆಮುಖವನ್ನು ತುಸು ಕುಳಿಯಾಗಿ ಸವೆಸುತ್ತದೆ. ೯೦೦ ಮಿಲಿಮೀಟರು ಅಡ್ಡಳತೆಯ ದೊಡ್ಡ ಕಲ್ಲಿನ ಮೇಲೆ ೧೦ ಮಿಲಿಮೀಟರು ಉದ್ದದ ಓರೆಯನ್ನು ಸವೆಸಿದರೆ ಬಾಯಂಚಿನ ಕೋನವು ಎಣಿಸಿದ್ದಕ್ಕಿಂತ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಮಾತ್ರ ಕಿರಿದಾಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಮೇಜಿನ ಮೇಲಣ ೧೫೦ ಮಿಲಿಮೀಟರಿನ ಚಕ್ರದಲ್ಲಾದರೋ ಸುಮಾರು ೪ ಡಿಗ್ರಿ ಕಿರಿದಾಗುತ್ತದೆ. ೨೫ ಎಂದೆಣಿಸಿದ್ದು ಬಾಯಿಯಲ್ಲಿ ೨೧ ಆಗಿರುತ್ತದೆ. ಹಳೆಯ ದೊಡ್ಡ ಕಲ್ಲು ತನ್ನ ಗಾತ್ರದಿಂದಲೇ ಕ್ಷಮಿಸುತ್ತಿದ್ದ ತಪ್ಪನ್ನು ಈ ಚಿಕ್ಕ ಚಕ್ರವು ಕ್ಷಮಿಸದು. ಆದಕಾರಣ ಕೋನದ ಕಾವಲನ್ನು ಚಕ್ರದ ಮುಂದಣ ಆಸರೆಪಟ್ಟಿಗೆ ಒಪ್ಪಿಸಬೇಕಾಯಿತು. ಆ ಪಟ್ಟಿಯನ್ನು ಬೇಕಾದಂತೆ ಓರೆಮಾಡಿ ಬಿಗಿದು, ಉಳಿಯನ್ನು ಅದರ ಮೇಲೆ ಚಪ್ಪಟೆಯಾಗಿ ಆನಿಸಿ, ಅತ್ತಿತ್ತ ಸರಿಸುತ್ತ ಸವೆಸುವುದೇ ಕ್ರಮ. ಹಿಂದೆ ಮಣಿಕಟ್ಟು ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಕಬ್ಬಿಣದ ತುಂಡೂ ಒಂದು ತಿರುಪಿನ ಮೊಳೆಯೂ ಮಾಡುತ್ತವೆ.

ಪಟ್ಟಿ ಸರಿಯಾಗಿ ನಿಂತಿದೆಯೇ ಎಂಬುದನ್ನು ಅರಿಯಲು ಸರಳವಾದ ಉಪಾಯವೊಂದಿದೆ. ಉಳಿಯ ಓರೆಮುಖಕ್ಕೆ ಶಾಯಿಯನ್ನು ಬಳಿದು, ಮೋಟಾರನ್ನು ನಡೆಸದೆ, ಉಳಿಯನ್ನು ಪಟ್ಟಿಯ ಮೇಲಿಟ್ಟು ಚಕ್ರವನ್ನು ಕೈಯಿಂದ ತುಸು ತಿರುಗಿಸಿ ನೋಡತಕ್ಕದ್ದು. ಶಾಯಿಯು ಮುಖದ ನಡುವೆ ಅಳಿಸಿದ್ದರೆ ಹಳೆಯ ಕೋನಕ್ಕೆ ಪಟ್ಟಿ ಹೊಂದಿದೆ. ಬಾಯಂಚಿನ ಕಡೆ ಅಳಿಸಿದ್ದರೆ ಕೋನ ಹಿರಿದಾಗುತ್ತಿದೆ. ಹಿಂಬದಿಗೆ ಅಳಿಸಿದ್ದರೆ ಕಿರಿದಾಗುತ್ತಿದೆ. ಚಕ್ರವು ಸವೆದು ಚಿಕ್ಕದಾದಂತೆ ಪಟ್ಟಿಗೂ ಅದಕ್ಕೂ ನಡುವಣ ದೂರ ಬೆಳೆದು ಕೋನ ತಾನಾಗಿ ಜಾರುವುದರಿಂದ, ಒಮ್ಮೆ ಬಿಗಿದ ಪಟ್ಟಿಯನ್ನು ಶಾಶ್ವತವೆಂದು ನಂಬಬಾರದು.

ಎರಡನೆಯ ತೊಡಕು ವೇಗದ್ದು. ನಿಮಿಷಕ್ಕೆ ಸುಮಾರು ೨೮೫೦ ಸುತ್ತು ತಿರುಗುವ ೧೫೦ ಮಿಲಿಮೀಟರಿನ ಚಕ್ರದ ಅಂಚು ಸೆಕೆಂಡಿಗೆ ೨೨ ಮೀಟರು ಓಡುತ್ತದೆ. ಕೈಯಿಂದ ತಿರುಗಿಸುವ ಕಲ್ಲಿನ ಓಟಕ್ಕಿಂತ ಇದು ಹತ್ತು ಪಟ್ಟು ಹೆಚ್ಚು. ಆ ಉಜ್ಜಾಟದ ಕಾವೆಲ್ಲ ಕೂದಲಿನಷ್ಟು ತೆಳುವಾದ ಬಾಯಂಚಿನಲ್ಲಿ ನೆರೆಯುತ್ತದೆ. ಸಾಧಾರಣ ಉಕ್ಕು ಸುಮಾರು ೨೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹುಲ್ಲಿನ ಹಳದಿಯಾಗಿ, ೩೦೦ರ ಸುಮಾರಿಗೆ ನೀಲಿಯಾಗುತ್ತದೆ. ನೀಲಿಯೇರಿದರೆ ಉಳಿಯ ಹದ ಹೋಯಿತೆಂದೇ ಅರ್ಥ. ಕೋನ ಎಷ್ಟು ಸರಿಯಾಗಿದ್ದರೂ ಅಂಥ ಬಾಯಿ ಮೊದಲ ಪೆಟ್ಟಿಗೇ ಮಡಿಚಿಕೊಳ್ಳುತ್ತದೆ. ನೀಲಿಯಾದ ಭಾಗವನ್ನು ಪೂರ್ಣವಾಗಿ ಸವೆಸಿ ತೆಗೆಯುವುದಲ್ಲದೆ, ಅಥವಾ ಕುಲುಮೆಗೆ ಹಾಕಿ ಮತ್ತೆ ಹದ ಕೊಡುವುದಲ್ಲದೆ ಬೇರೆ ದಾರಿಯಿಲ್ಲ. ಆದುದರಿಂದ ಬಲ್ಲವರು ಹಗುರವಾಗಿ ಒತ್ತುತ್ತಾರೆ. ಪಕ್ಕದಲ್ಲಿ ನೀರಿನ ಬಟ್ಟಲನ್ನಿಟ್ಟುಕೊಂಡು ಕ್ಷಣಕ್ಷಣಕ್ಕೂ ಉಳಿಯನ್ನು ಅದ್ದುತ್ತಾರೆ. ಉಳಿಯ ಬೆನ್ನಿನ ಮೇಲೆ ಒಂದು ಹನಿ ನೀರು ನಿಂತಿದ್ದು, ಅದು ಕುದಿಯಲು ತೊಡಗಿದೊಡನೆ ಕೈತೆಗೆದರೆ ಉಕ್ಕು ನಿರಪಾಯವಾಗಿರುತ್ತದೆ. ಬಾಯಂಚಿನವರೆಗೂ ಚಕ್ರದಲ್ಲಿ ಸವೆಸದೆ ಕೊನೆಯ ಎಳೆಯಷ್ಟನ್ನು ಮಸೆಗಲ್ಲಿಗೆ ಬಿಡುವುದೂ ಇದಕ್ಕಾಗಿಯೇ. ಕುಳಿಯಾದ ಮುಖದ ಎರಡು ಅಂಚುಗಳೂ ಮಸೆಗಲ್ಲಿಗೆ ತಾಗಿ ನಿಲ್ಲುವುದರಿಂದ ಉಳಿ ಅಲ್ಲಿ ತೂಗಾಡದೆ ನೆಲೆನಿಲ್ಲುತ್ತದೆ. ಚಕ್ರದ ದೋಷವೆಂದು ತೋರಿದ ಕುಳಿಯೇ ಹೀಗೆ ಕೈಗೆ ಸಹಾಯವಾಗುತ್ತದೆ. ಆಮೇಲೆ ಹಿಡಿಯನ್ನು ತುಸು ಎತ್ತಿ ಮಸೆದರೆ ಬಾಯಂಚು ೩೦ ಡಿಗ್ರಿಗೆ ಬಂದು ಮುಟ್ಟುತ್ತದೆ.

ಷೆಫೀಲ್ಡಿನ ಪೋರ್ಟರ್ ಹೊಳೆಯ ದಡದಲ್ಲಿ ಷೆಪರ್ಡ್ ಚಕ್ರವೆಂಬ ಹಳೆಯ ಸಾಣೆಮನೆಯನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ನೀರಿನ ಚಕ್ರ, ಮರಳುಗಲ್ಲು, ಮರದ ಪೀಠಗಳು ಅಲ್ಲಿವೆ; ಆ ಪೀಠಗಳ ಮೇಲೆ ಬಾಗಿ ಕುಳಿತವರಿಲ್ಲ. ಅವರು ಜೀವ ಸವೆಸಿ ಕಾಪಾಡುತ್ತಿದ್ದ ಕೋನವನ್ನು ಇಂದು ಯಾವ ಮನೆಯವನಾದರೂ ಒಂದು ಬಟ್ಟಲು ನೀರು, ಒಂದು ಬೊಟ್ಟು ಶಾಯಿ ಮತ್ತು ತುಸು ತಾಳ್ಮೆಯಿಂದ ಪಡೆಯಬಹುದು. ಆದರೆ ಹೊಸ ಚಕ್ರದಿಂದಲೂ ಉಕ್ಕಿನ ಕಿಡಿಯೂ ಸಣ್ಣ ಧೂಳೂ ಏಳದಿರುವುದಿಲ್ಲ. ಕಣ್ಣಿಗೆ ಕನ್ನಡಕವನ್ನೂ ಮೂಗಿಗೆ ಮುಸುಕನ್ನೂ ಧರಿಸದೆ ಯಾರೂ ಅದರ ಮುಂದೆ ನಿಲ್ಲಬಾರದು. ಉಳಿಯ ಬಾಯಿ ಸವೆಯುವುದಕ್ಕಾಗಿಯೇ ಇದೆ, ಹಿಡಿದವನ ಉಸಿರು ಹಾಗಲ್ಲ. ಷೆಫೀಲ್ಡಿನ ಫೋರ್ಕಿನವರು ಮೂವತ್ತು ವರ್ಷಕ್ಕೆ ಕಣ್ಣುಮುಚ್ಚಿ ಲೋಕಕ್ಕೆ ಕಲಿಸಿಹೋದ ಪಾಠ ಇದು.